ಹೊಟ್ಟೆಯಲ್ಲಿ ಅಮೀಬಾ ಇದ್ದ ಮಾತ್ರಕ್ಕೆ ರೋಗವೇ? ಬ್ಯಾಕ್ಟೀರಿಯಾಗಳನ್ನೂ ಕೇಳಬೇಕು

ಕೇರಳದಲ್ಲಿ 2024 ಮತ್ತು 2025ರಲ್ಲಿ 'ಮೆದುಳು ತಿನ್ನುವ ಅಮೀಬಾ' ಪ್ರಕರಣಗಳು ಜಾಸ್ತಿಯಾದವು. ಆ ಭಯ ಬೆಂಗಳೂರಿಗೂ ಬಂತು. 2025ರ ನವೆಂಬರಿನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಶಬರಿಮಲೆ ಯಾತ್ರಿಗಳಿಗೆ ಸೂಚನೆ ಹೊರಡಿಸಿತು. ನಿಂತ ನೀರಿನಲ್ಲಿ ಸ್ನಾನ ಮಾಡುವಾಗ ಮೂಗಿಗೆ ಕ್ಲಿಪ್ ಹಾಕಿಕೊಳ್ಳಿ, ಇಲ್ಲವೇ ಮೂಗನ್ನು ಬಿಗಿಯಾಗಿ ಹಿಡಿದುಕೊಳ್ಳಿ ಎಂದಿತು.

ಅಲ್ಲಿಂದ ಗೊಂದಲ ಶುರುವಾಯಿತು. ಬೆಂಗಳೂರಿನಲ್ಲಿ ಅಮೀಬಾ ಹೊಸ ಹೆಸರೇನಲ್ಲ. ಹೊಟ್ಟೆ ಕೆಟ್ಟು ಡಾಕ್ಟರ ಬಳಿ ಹೋದವರಲ್ಲಿ ಅನೇಕರು 'ನಿಮಗೆ ಅಮೀಬಿಯಾಸಿಸ್ ಇದೆ' ಎಂಬ ಮಾತು ಕೇಳಿಸಿಕೊಂಡು ಬಂದವರೇ. ಆ ಅಮೀಬಾ ಮೆದುಳಿಗೆ ಏರುತ್ತದೆಯೇ? ಮೂಗಿಗೆ ಕ್ಲಿಪ್ ಹಾಕಿದರೆ ಆಮಶಂಕೆ ಬರುವುದಿಲ್ಲವೇ? ಇದರ ಮೇಲೆ ಇನ್ನೊಂದು ಬಗೆಯ ಸುದ್ದಿ: ಕರುಳಿನ ಬ್ಯಾಕ್ಟೀರಿಯಾಗಳು ಅಮೀಬಾವನ್ನು ಉಗ್ರಗೊಳಿಸುತ್ತವೆ ಎಂದು ಒಂದು ಕಡೆ, ಅದೇ ಬ್ಯಾಕ್ಟೀರಿಯಾಗಳು ನಮ್ಮನ್ನು ಕಾಪಾಡುತ್ತವೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬುವುದು?

ಎರಡೂ ನಿಜ. ಹೇಗೆ ಎಂಬುದು ಸ್ವಲ್ಪ ಉದ್ದದ ಕತೆ.

ಹೆಸರು ಒಂದೇ, ಜೀವಿ ಬೇರೆ

ಮೊದಲು ಇವರನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಕೇರಳದ ಸುದ್ದಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದ್ದು ನೈಗ್ಲೀರಿಯಾ ಫೌಲೆರಿ. ಅದು ಬೆಚ್ಚಗಿನ ಸಿಹಿನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಜೀವಿ. ಅದಕ್ಕೆ ಮನುಷ್ಯ ಬೇಕೇ ಬೇಕು ಅಂತೇನಿಲ್ಲ. ನೀರು ಮೂಗಿನೊಳಗೆ ಜೋರಾಗಿ ನುಗ್ಗಿದಾಗ, ವಾಸನೆಯ ನರದ ಜಾಡು ಹಿಡಿದು ಮೆದುಳು ಸೇರುತ್ತದೆ. ಕುಡಿದ ನೀರಿನಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತೀರಾ ಅಪರೂಪ, ಆದರೆ ಬಂದರೆ ಬಹುತೇಕ ಸಾವು. ಕರ್ನಾಟಕಕ್ಕೂ ಇದು ಹೊಸದಲ್ಲ. ಮಂಗಳೂರಿನಲ್ಲಿ ಪತ್ತೆಯಾದ ಒಂದು ಪ್ರಕರಣ 2002ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಸ್ಟೂಲ್ ಟೆಸ್ಟ್ ರಿಪೋರ್ಟಿನಲ್ಲಿ ಬರುವುದು ಎಂಟಮೀಬಾ ಹಿಸ್ಟೊಲಿಟಿಕಾ. ಇದು ಪರೋಪಜೀವಿ, ಮನುಷ್ಯನ ದೊಡ್ಡ ಕರುಳೇ ಇದರ ಮನೆ. ಮಲ ಸೇರಿದ ನೀರು, ತೊಳೆಯದ ಸೊಪ್ಪು, ಕೊಳಕು ಕೈ ಇದರ ದಾರಿ. ಹೊರಗೆ ಬಂದಾಗ ಗಟ್ಟಿ ಚಿಪ್ಪಿನೊಳಗೆ ಸೇರಿಕೊಂಡು ದಿನಗಟ್ಟಲೆ, ವಾರಗಟ್ಟಲೆ ಬದುಕಿರುತ್ತದೆ. ಆ ಚಿಪ್ಪಿನ ರೂಪಕ್ಕೆ ಸಿಸ್ಟ್ ಎನ್ನುತ್ತಾರೆ. ಕರುಳಿನ ಗೋಡೆ ಕೊರೆದರೆ ರಕ್ತ, ಲೋಳೆ ಸೇರಿದ ಆಮಶಂಕೆ. ರಕ್ತನಾಳ ಸೇರಿದರೆ ಲಿವರ್‌ನಲ್ಲಿ ಕೀವಿನ ಗಡ್ಡೆ. ಮೆದುಳಿಗೆ ಹೋಗುವುದು ತೀರಾ ವಿರಳ, ಅದೂ ಲಿವರ್‌ಗೆ ಬಂದು ಬಹಳ ಮುಂದುವರಿದ ಮೇಲೆ. ಹೊಟ್ಟೆಯ ಅಮೀಬಾ ಇದ್ದವರು ಕೇರಳದ ಸುದ್ದಿ ಓದಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಮೂರನೆಯದು ಅಕ್ಯಾಂಥಮೀಬಾ. ಮಣ್ಣು, ನಲ್ಲಿ ನೀರು, ಟ್ಯಾಂಕು, ಎಲ್ಲೆಲ್ಲೂ ಇದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಣ್ಣಿಗೆ ಇದು ಶತ್ರು.

ಹತ್ತರಲ್ಲಿ ಒಂಬತ್ತು ಮಂದಿ ಆರಾಮ

ಈ ಲೇಖನದ ಮುಖ್ಯ ಪಾತ್ರ ಎಂಟಮೀಬಾ. ಅದರ ಬಗ್ಗೆ ನೂರೈವತ್ತು ವರ್ಷಗಳಿಂದ ಒಂದು ಪ್ರಶ್ನೆ ಕಾಡುತ್ತಿದೆ. ಅದು ಹೊಟ್ಟೆಯಲ್ಲಿರುವ ಸುಮಾರು ಶೇ 90ರಷ್ಟು ಜನರಿಗೆ ಏನೂ ಆಗುವುದಿಲ್ಲ. ಉಂಡು, ತಿರುಗಾಡಿ, ಕೆಲಸ ಮಾಡಿಕೊಂಡು ಇರುತ್ತಾರೆ. ಉಳಿದವರಿಗೆ ಮಾತ್ರ ಕರುಳು ಹುಣ್ಣಾಗುತ್ತದೆ. ಯಾಕೆ?

1875ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಫ್ಯೊಡರ್ ಲ್ಯೊಶ್ ಎಂಬ ವೈದ್ಯ ಈ ಅಮೀಬಾವನ್ನು ಮೊದಲು ಸರಿಯಾಗಿ ವರ್ಣಿಸಿದ. ಆಮಶಂಕೆಯಿಂದ ನರಳುತ್ತಿದ್ದ ಒಬ್ಬ ರೈತನ ಮಲದಲ್ಲಿ ಅವು ತುಂಬಿದ್ದವು. ಆದರೂ ಲ್ಯೊಶ್ 'ರೋಗಕ್ಕೆ ಇದೇ ಕಾರಣ' ಎನ್ನಲಿಲ್ಲ. ಬೇರೆ ಏನೋ ಕರುಳನ್ನು ಮೊದಲು ಕೆಡಿಸಿದೆ, ಅಮೀಬಾ ಆ ಉರಿಯನ್ನು ಮುಂದುವರಿಸುತ್ತಿದೆ ಎಂದು ಅವನ ಊಹೆ. ಆಮೇಲೆ ಬಂದವರು ಅಮೀಬಾವನ್ನೇ ನೇರವಾಗಿ ಅಪರಾಧಿ ಮಾಡಿದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಲ್ಯೊಶ್‌ನ ಅನುಮಾನವೂ ಪೂರ್ತಿ ಸಾಯಲಿಲ್ಲ.

ಒಗಟಿನ ಒಂದು ಭಾಗಕ್ಕೆ ಉತ್ತರ ಸಿಕ್ಕಿದೆ. 1925ರಲ್ಲಿ ಫ್ರಾನ್ಸಿನ ಎಮಿಲ್ ಬ್ರಂಪ್ಟ್ ಒಂದು ಮಾತು ಹೇಳಿದರು: ನಾವು ಒಂದೇ ಎಂದುಕೊಂಡಿರುವುದು ಎರಡು ಜೀವಿಗಳು, ಒಂದು ರೋಗ ತರುತ್ತದೆ, ಇನ್ನೊಂದು ತರುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಎನ್‌ಎ ಪುರಾವೆ ಸೇರಿ, 1993ರಲ್ಲಿ ಡೈಮಂಡ್ ಮತ್ತು ಕ್ಲಾರ್ಕ್ ಎಂಬ ವಿಜ್ಞಾನಿಗಳು ಬ್ರಂಪ್ಟ್ ಹೇಳಿದ್ದು ಸರಿ ಎಂದು ತೋರಿಸಿದರು. ನಿರುಪದ್ರವಿಗೆ ಎಂಟಮೀಬಾ ಡಿಸ್ಪಾರ್ ಎಂಬ ಹೆಸರು ಗಟ್ಟಿಯಾಯಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಅಸಲಿ ಹಿಸ್ಟೊಲಿಟಿಕಾ ಇದ್ದವರಲ್ಲೂ ಬಹುಪಾಲು ಮಂದಿಗೆ ರೋಗ ಕಾಣುವುದಿಲ್ಲ. ಹಾಗಾದರೆ ಇನ್ನೇನೋ ಇದೆ.

ಬ್ಯಾಕ್ಟೀರಿಯಾ ಇಲ್ಲದ ಗಿನಿಪಿಗ್‌ಗಳು

ಆ 'ಇನ್ನೇನೋ' ಯಾವುದು ಎಂಬುದಕ್ಕೆ ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸುಂದರವಾದ ಪ್ರಯೋಗ 1955ರದ್ದು. ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಜೊತೆಗಾರರು ಮೂರು ಗುಂಪು ಗಿನಿಪಿಗ್ ತೆಗೆದುಕೊಂಡರು. ಒಂದು ಗುಂಪು ಹುಟ್ಟಿದಾಗಿನಿಂದ ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆದದ್ದು. ಇನ್ನೊಂದಕ್ಕೆ ಒಂದೇ ಒಂದು ಬಗೆಯ ಬ್ಯಾಕ್ಟೀರಿಯಾ ಕೊಟ್ಟಿದ್ದರು. ಮೂರನೆಯದು ಮಾಮೂಲಿ ಗಿನಿಪಿಗ್‌ಗಳದ್ದು. ಎಲ್ಲಕ್ಕೂ ಕರುಳಿಗೆ ಅಮೀಬಾ ಬಿಟ್ಟರು.

ಮಾಮೂಲಿ ಪ್ರಾಣಿಗಳಿಗೆ ಹುಣ್ಣಾಯಿತು. ಒಂದು ಬಗೆಯ ಬ್ಯಾಕ್ಟೀರಿಯಾ ಇದ್ದವಕ್ಕೂ ಆಯಿತು. ಬ್ಯಾಕ್ಟೀರಿಯಾ ಇಲ್ಲದ ಕರುಳಿನಲ್ಲಿ ಮಾತ್ರ ಅಮೀಬಾ ನೆಲೆ ನಿಲ್ಲದೆ ಸತ್ತುಹೋಯಿತು. ಅಮೀಬಾ ಅದೇ, ಪ್ರಾಣಿ ಅದೇ. ಬದಲಾದದ್ದು ಬ್ಯಾಕ್ಟೀರಿಯಾ ಮಾತ್ರ.

ಇದಾದ ಮೇಲೆ ಇನ್ನೊಂದು ಸುಳಿವು ಸಿಕ್ಕಿತು. 1961ರಲ್ಲಿ ಲೂಯಿಸ್ ಡೈಮಂಡ್ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೇ ಅಮೀಬಾ ಬೆಳೆಸುವ ವಿಧಾನ ಕಂಡುಹಿಡಿದರು. ಹಾಗೆ ಬಹಳ ಕಾಲ ಒಂಟಿಯಾಗಿ ಬೆಳೆದ ಅಮೀಬಾಗಳು ಮೆತ್ತಗಾಗುತ್ತಿದ್ದವು. ಪ್ರಾಣಿಗಳಿಗೆ ಚುಚ್ಚಿದರೂ ರೋಗ ಬರುತ್ತಿರಲಿಲ್ಲ. 1970ರಲ್ಲಿ ವಿಟ್ನರ್ ಮತ್ತು ರೋಸೆನ್‌ಬಾಮ್ ಇಂತಹ ಮೆತ್ತಗಿನ ಅಮೀಬಾಗಳನ್ನು ಸ್ವಲ್ಪ ಹೊತ್ತು ಬ್ಯಾಕ್ಟೀರಿಯಾ ಜೊತೆ ಬಿಟ್ಟರು. ಮತ್ತೆ ಉಗ್ರವಾದವು. ಒಂದು ಷರತ್ತು ಇತ್ತು: ಬ್ಯಾಕ್ಟೀರಿಯಾ ಜೀವಂತವಾಗಿರಬೇಕು, ಅಮೀಬಾಕ್ಕೆ ತಾಗಬೇಕು. ಸತ್ತ ಬ್ಯಾಕ್ಟೀರಿಯಾದಿಂದಾಗಲಿ, ಅದು ಬೆಳೆದ ದ್ರಾವಣದಿಂದಾಗಲಿ ಕೆಲಸ ಆಗಲಿಲ್ಲ. ಬರೀ ಊಟದ ವಿಷಯವಾಗಿದ್ದರೆ ಸತ್ತದ್ದೂ ಸಾಕಾಗಬೇಕಿತ್ತು.

ಬ್ಯಾಕ್ಟೀರಿಯಾ ಮಾಡುವುದೇನು?

ಅಮೀಬಾ ನಮ್ಮ ಜೀವಕೋಶವನ್ನು ಕೊಲ್ಲುವುದು ಹಂತ ಹಂತವಾಗಿ. ಮೊದಲು ಅದರ ಮೈಮೇಲಿರುವ ಲೆಕ್ಟಿನ್ ಎಂಬ ಪ್ರೋಟೀನು ಕರುಳಿನ ಕೋಶದ ಸಕ್ಕರೆಯ ಅಣುಗಳನ್ನು ಹಿಡಿಯುತ್ತದೆ. ಆಮೇಲೆ ಪ್ರೋಟೀನು ಕತ್ತರಿಸುವ ಕಿಣ್ವಗಳು, ಕೋಶದ ಪೊರೆಗೆ ತೂತು ಮಾಡುವ ಅಮೀಬಾಪೋರ್ ಎಂಬ ಅಣುಗಳು ಕೆಲಸ ಮಾಡುತ್ತವೆ. 2014ರಲ್ಲಿ ಇನ್ನೊಂದು ವಿಧಾನವೂ ಗೊತ್ತಾಯಿತು. ಅಮೀಬಾ ಬದುಕಿರುವ ಕೋಶವನ್ನು ಚೂರು ಚೂರಾಗಿ ಕಚ್ಚಿ ತಿನ್ನುತ್ತದೆ. ಕಚ್ಚಿಸಿಕೊಂಡ ಕೋಶ ಆಮೇಲೆ ಸಾಯುತ್ತದೆ.

ಬ್ಯಾಕ್ಟೀರಿಯಾವನ್ನು ಹಿಡಿಯಲೂ ಅಮೀಬಾ ಬಹುಮಟ್ಟಿಗೆ ಅದೇ ಲೆಕ್ಟಿನ್ ಬಳಸುತ್ತದೆ. ಇಸ್ರೇಲಿನ ಡೇವಿಡ್ ಮಿರೆಲ್‌ಮನ್ ಅವರ ತಂಡ 1980ರ ದಶಕದಲ್ಲಿ ಇದನ್ನು ತೋರಿಸಿತು. ಮೇಲ್ಮೈಯಲ್ಲಿ ಸರಿಯಾದ ಸಕ್ಕರೆ ಇರುವ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾವನ್ನು ಅಮೀಬಾ ಸುಲಭವಾಗಿ ಹಿಡಿಯುತ್ತದೆ, ಉಳಿದವನ್ನು ಬಿಟ್ಟುಬಿಡುತ್ತದೆ. ಅಂದರೆ ನಮ್ಮನ್ನು ಗಾಯಗೊಳಿಸುವ ಆಯುಧ ಮೂಲತಃ ಬ್ಯಾಕ್ಟೀರಿಯಾ ತಿನ್ನುವ ಸಲಕರಣೆಯೂ ಹೌದು.

ಆಮೇಲೆ ಆಮ್ಲಜನಕದ ವಿಷಯ. ಈ ಅಮೀಬಾಕ್ಕೆ ಆಮ್ಲಜನಕ ಎಂದರೆ ಆಗದು. ಕರುಳಿನ ಗೋಡೆಯ ಹತ್ತಿರ ಹೋದಂತೆ ಆಮ್ಲಜನಕ ಜಾಸ್ತಿ. ಗೋಡೆಯೊಳಗೆ ನುಗ್ಗಿದರೆ ನಮ್ಮ ಬಿಳಿರಕ್ತಕಣಗಳು ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಸುಡುವ ರಾಸಾಯನಿಕ ಎರಚುತ್ತವೆ. ಹಿಂದೆ ವಿಜ್ಞಾನಿಗಳು, ಬ್ಯಾಕ್ಟೀರಿಯಾಗಳು ಸುತ್ತಲಿನ ಆಮ್ಲಜನಕ ಬಳಸಿಕೊಂಡು ಅಮೀಬಾಕ್ಕೆ ಅನುಕೂಲ ಮಾಡಿಕೊಡುತ್ತವೆ ಎಂದಿದ್ದರು. 2018ರಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಸರ್ಜ್ ಅಂಕ್ರಿ ಅವರ ತಂಡ ಇನ್ನೂ ಆಳಕ್ಕೆ ಹೋಯಿತು. ಜೀವಂತ ಇ. ಕೋಲಿ ಜೊತೆಗಿದ್ದ ಅಮೀಬಾ ಪೆರಾಕ್ಸೈಡ್ ದಾಳಿಯನ್ನು ತಡೆದುಕೊಂಡಿತು. ಬ್ಯಾಕ್ಟೀರಿಯಾ ತಯಾರಿಸುವ ಆಕ್ಸಲೋಅಸಿಟೇಟ್ ಎಂಬ ವಸ್ತು ಪೆರಾಕ್ಸೈಡ್ ಅನ್ನು ನಿಷ್ಕ್ರಿಯ ಮಾಡುತ್ತಿತ್ತು. ಅದೇ ಹೊತ್ತಿಗೆ ಅಮೀಬಾದೊಳಗೆ ಯಾವ ಜೀನ್ ಚಾಲೂ ಇರಬೇಕು, ಯಾವುದು ಬಂದ್ ಆಗಬೇಕು ಎಂಬುದೂ ಬದಲಾಗುತ್ತಿತ್ತು.

ಎಲ್ಲ ಬ್ಯಾಕ್ಟೀರಿಯಾಗಳ ಪ್ರಭಾವ ಒಂದೇ ಥರ ಇಲ್ಲ. 2008ರ ಒಂದು ಮೆಕ್ಸಿಕನ್ ಅಧ್ಯಯನದಲ್ಲಿ ಆಮಶಂಕೆ ತರುವ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಅಥವಾ ರೋಗ ತರುವ ಬಗೆಯ ಇ. ಕೋಲಿ ತಿಂದ ಅಮೀಬಾಗಳು ಕರುಳಿನ ಕೋಶಗಳಿಗೆ ಹೆಚ್ಚು ಗಟ್ಟಿಯಾಗಿ ಅಂಟಿ, ಹೆಚ್ಚು ಹಾನಿ ಮಾಡಿದವು. ಕರುಳಿನಲ್ಲಿ ಸುಮ್ನೆ ಇರುವ ಬಗೆಯ ಇ. ಕೋಲಿ ತಿಂದವು ಹಾಗೆ ಮಾಡಲಿಲ್ಲ. ಸಮಯವೂ ಮುಖ್ಯ. ಕೆಲವೇ ಗಂಟೆಗಳ ಸಹವಾಸ ಅಮೀಬಾವನ್ನು ಉಗ್ರ ಮಾಡಿದರೆ, ಒಂದೇ ಬಗೆಯ ಇ. ಕೋಲಿ ಜೊತೆ ಬಹುಕಾಲ ಬೆಳೆದ ಅಮೀಬಾದಲ್ಲಿ ಲೆಕ್ಟಿನ್ ಕಡಿಮೆಯಾಗಿ ಉಗ್ರತೆ ಇಳಿದದ್ದು 1999ರಲ್ಲಿ ದಾಖಲಾಗಿದೆ.

2021ರಲ್ಲಿ ಕತೆ ಇನ್ನೊಂದು ತಿರುವು ತೆಗೆದುಕೊಂಡಿತು. ಕ್ಯೂಯಿನ್ ಎಂಬ ಒಂದು ಚಿಕ್ಕ ಅಣು ಇದೆ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳಿಗೆ ಮಾತ್ರ ಗೊತ್ತು. ನಮಗೂ ಗೊತ್ತಿಲ್ಲ, ಅಮೀಬಾಕ್ಕೂ ಗೊತ್ತಿಲ್ಲ. ಇಬ್ಬರೂ ಕರುಳಿನ ಬ್ಯಾಕ್ಟೀರಿಯಾಗಳಿಂದ ಪಡೆಯುತ್ತೇವೆ. ಅಮೀಬಾ ಅದನ್ನು ತನ್ನ ಟಿಆರ್‌ಎನ್‌ಎಗೆ ಸೇರಿಸಿಕೊಳ್ಳುತ್ತದೆ. ಟಿಆರ್‌ಎನ್‌ಎ ಎಂದರೆ ಜೀನ್‌ನ ಸಂದೇಶ ಓದಿ ಪ್ರೋಟೀನು ಕಟ್ಟಲು ನೆರವಾಗುವ ಅಣು. ಹೀಗೆ ಸೇರಿಸಿಕೊಂಡ ಅಮೀಬಾ ಪೆರಾಕ್ಸೈಡ್ ತಡೆದುಕೊಳ್ಳುವುದರಲ್ಲಿ ಗಟ್ಟಿಯಾಯಿತು, ಆದರೆ ಕೋಶಗಳನ್ನು ಕೊಲ್ಲುವುದರಲ್ಲಿ ಮೆತ್ತಗಾಯಿತು. ಅಂಕ್ರಿ ಅವರ ತಂಡದ್ದೇ ಈ ಕೆಲಸ. ಬ್ಯಾಕ್ಟೀರಿಯಾ ಅಮೀಬಾದ ಡಿಎನ್‌ಎ ಅಕ್ಷರ ಮುಟ್ಟಲಿಲ್ಲ. ಅದನ್ನು ಓದುವ ರೀತಿ ಬದಲಾಯಿತು, ಅಷ್ಟಕ್ಕೇ ಸ್ವಭಾವ ಬದಲಾಯಿತು. ಅಮೀಬಾ ಆರಾಮಾಗಿ ಬದುಕಲಿ, ನಮ್ಮ ಗೋಡೆ ಕೊರೆಯದಿರಲಿ ಎಂಬಂತಹ ಈ ಏರ್ಪಾಡು, ರೋಗ ಇಲ್ಲದ ಆ ಶೇ 90ರ ಒಗಟಿಗೆ ಹತ್ತಿರ ಬರುತ್ತದೆ.

ಹಾಗಾದರೆ ಲಿವರ್‌ನಲ್ಲಿ?

'ಎಲ್ಲದಕ್ಕೂ ಬ್ಯಾಕ್ಟೀರಿಯಾವೇ ಕಾರಣ' ಎನ್ನುವವರಿಗೆ ಒಂದು ಗಟ್ಟಿ ಆಕ್ಷೇಪ ಇದೆ. ಅಮೀಬಾದಿಂದ ಲಿವರ್‌ನಲ್ಲಿ ಆಗುವ ಗಡ್ಡೆಯ ಕೀವನ್ನು ತೆಗೆದು ನೋಡಿದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರುವುದಿಲ್ಲ. ಅಲ್ಲಿ ಅಮೀಬಾ ಒಂಟಿಯಾಗಿಯೇ ಇಷ್ಟು ದೊಡ್ಡ ಹಾನಿ ಮಾಡಿರುತ್ತದೆ. ಲ್ಯಾಬಿನಲ್ಲೂ, ಒಂಟಿಯಾಗಿ ಬೆಳೆದ ಅಮೀಬಾವನ್ನು ಆಗಾಗ ಹ್ಯಾಮ್‌ಸ್ಟರ್‌ನ ಲಿವರ್ ಮೂಲಕ ದಾಟಿಸಿದರೆ ಅದರ ಉಗ್ರತೆ ಉಳಿಯುತ್ತದೆ. ಹಾಗಾಗಿ ಒಂದು ಪಂಗಡ ಹೇಳುವುದು ಇದು: ಕೊಲ್ಲುವ ಶಕ್ತಿ ಅಮೀಬಾದ ಜೀನ್‌ಗಳಲ್ಲೇ ಇದೆ, ಬ್ಯಾಕ್ಟೀರಿಯಾ ಬರೀ ಊಟ.

ಇನ್ನೊಂದು ಪಂಗಡದ ಉತ್ತರ: ಲಿವರ್‌ಗೆ ಬಂದ ಅಮೀಬಾ ಕರುಳಿನಿಂದಲೇ ಬಂದದ್ದು. ಗೋಡೆ ದಾಟುವ ಮೊದಲು ಅದು ಬ್ಯಾಕ್ಟೀರಿಯಾಗಳ ನಡುವೆಯೇ ಇತ್ತು. ದಾಟಿದ ಮೇಲೆ ಅವು ಬೇಕಾಗಲಿಕ್ಕಿಲ್ಲ, ದಾಟುವ ತನಕ ಬೇಕು.

ಶಕ್ತಿ ಅಮೀಬಾದ್ದೇ ಎನ್ನುವುದರಲ್ಲಿ ಈಗ ತಕರಾರಿಲ್ಲ. ಡಿಸ್ಪಾರ್ ಎಷ್ಟು ಬ್ಯಾಕ್ಟೀರಿಯಾ ತಿಂದರೂ ಮನುಷ್ಯನಿಗೆ ಆಮಶಂಕೆ ತರುವ ಹಿಸ್ಟೊಲಿಟಿಕಾ ಆಗುವುದಿಲ್ಲ. ಆ ಶಕ್ತಿ ಯಾವಾಗ ಹೊರಬರುತ್ತದೆ ಎಂಬುದರಲ್ಲಿ ಬ್ಯಾಕ್ಟೀರಿಯಾದ ಕೈವಾಡ ಇದೆ.

ಒಂದು ಹಳೆಯ ಜಗಳ

'ಆಗುವುದಿಲ್ಲ' ಎಂದು ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಒಂದು ಜಗಳದ ಹಿನ್ನೆಲೆ ಇದೆ. 1970ರ ದಶಕದ ಕೊನೆಗೆ ಇಂಗ್ಲೆಂಡಿನ ಸಾರ್ಜೆಂಟ್ ಎಂಬ ವಿಜ್ಞಾನಿ, ಅಮೀಬಾಗಳ ಕಿಣ್ವಗಳ ಮಾದರಿ ನೋಡಿ ಅವನ್ನು 'ರೋಗ ತರುವ' ಮತ್ತು 'ತರದ' ಗುಂಪುಗಳಾಗಿ ವಿಂಗಡಿಸಿದ್ದರು. 1986ರಲ್ಲಿ ಮಿರೆಲ್‌ಮನ್ ತಂಡ ಒಂದು ಬಾಂಬ್ ಹಾಕಿತು. ರೋಗ ತರದ ಗುಂಪಿನ ಅಮೀಬಾದ ಜೊತೆಗಿದ್ದ ಬ್ಯಾಕ್ಟೀರಿಯಾಗಳನ್ನು ಹಂತಹಂತವಾಗಿ ತೆಗೆದುಹಾಕಿದಾಗ, ಅದು ರೋಗ ತರುವ ಗುಂಪಿಗೆ ಬದಲಾಯಿತು ಎಂದರು. ನಿಜವಾಗಿದ್ದರೆ, ಬ್ಯಾಕ್ಟೀರಿಯಾ ಬದಲಿಸಿದರೆ ಸಾಧು ಅಮೀಬಾ ರಾಕ್ಷಸ ಆಗಬಹುದು. ಆಗ ಲಕ್ಷಣ ಇಲ್ಲದ ಪ್ರತಿಯೊಬ್ಬರಿಗೂ ಔಷಧ ಕೊಡಬೇಕಾಗುತ್ತಿತ್ತು.

ಡಿಎನ್‌ಎ ಪರೀಕ್ಷೆಗಳು ಬಂದ ಮೇಲೆ ಆ ವಾದ ಬಿದ್ದುಹೋಯಿತು. ಎರಡರ ಜೀನ್‌ಗಳ ನಡುವಿನ ಅಂತರ ಲ್ಯಾಬಿನಲ್ಲಿ ಕೆಲವು ವಾರಗಳಲ್ಲಿ ದಾಟುವಂಥದ್ದಲ್ಲ. ಲ್ಯಾಬಿನಲ್ಲಿ ಬೇರೆ ಅಮೀಬಾ ಬೆರೆತುಹೋಗಿರಬೇಕು ಎಂಬುದೇ ಈಗ ಹೆಚ್ಚಿನವರು ಒಪ್ಪುವ ವಿವರಣೆ. ಆದರೂ 'ಬ್ಯಾಕ್ಟೀರಿಯಾ ಅಮೀಬಾದ ಜಾತಿಯನ್ನೇ ಬದಲಿಸುತ್ತದೆ' ಎಂಬ ಸಾಲು ಇವತ್ತಿಗೂ ಅಲ್ಲಲ್ಲಿ ಇಣುಕುತ್ತದೆ. ನಂಬಬೇಡಿ.

ಬ್ಯಾಕ್ಟೀರಿಯಾದಿಂದ ಬಂದ ಜೀನ್‌ಗಳು

ವಾರಗಳಲ್ಲಿ ಆಗದ್ದು ಕೋಟ್ಯಂತರ ವರ್ಷಗಳಲ್ಲಿ ಆಗಿದೆ. 2005ರಲ್ಲಿ ಹಿಸ್ಟೊಲಿಟಿಕಾದ ಇಡೀ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್‌ಎ, ಓದಿ ಪ್ರಕಟಿಸಿದಾಗ, 96 ಜೀನ್‌ಗಳು ಬ್ಯಾಕ್ಟೀರಿಯಾದಿಂದ ಬಂದಿರಬಹುದು ಎಂದು ವಿಜ್ಞಾನಿಗಳು ಪಟ್ಟಿ ಮಾಡಿದರು. ತಂದೆತಾಯಿಯಿಂದ ಆಸ್ತಿ ಬರುವುದು ಮಾಮೂಲು. ಇದು ಪಕ್ಕದ ಮನೆಯ ಪಾತ್ರೆ ನಮ್ಮ ಅಡುಗೆಮನೆಗೆ ಬಂದು ಅಲ್ಲೇ ಉಳಿದ ಹಾಗೆ. ದಿನಾ ಬ್ಯಾಕ್ಟೀರಿಯಾ ನುಂಗುವ ಜೀವಿಗೆ, ನುಂಗಿದ್ದರ ಡಿಎನ್‌ಎ ಚೂರು ಎಂದೋ ಒಮ್ಮೆ ತನ್ನ ಡಿಎನ್‌ಎಗೆ ಅಂಟಿಕೊಳ್ಳುವ ಅವಕಾಶ ಜಾಸ್ತಿ. ಪಟ್ಟಿಯಲ್ಲಿದ್ದವು ಬಹುಪಾಲು ಸಕ್ಕರೆ, ಅಮಿನೋ ಆಮ್ಲ ಅರಗಿಸಿಕೊಳ್ಳುವ ಜೀನ್‌ಗಳು. ದಾನಿಗಳಲ್ಲಿ ಬ್ಯಾಕ್ಟೀರಾಯಿಡಿಟೀಸ್ ಗುಂಪಿನವು ಎದ್ದು ಕಂಡವು. ನಮ್ಮ ಕರುಳಿನಲ್ಲಿ ಧಾರಾಳವಾಗಿ ಇರುವ ಗುಂಪು ಅದು.

ಇಲ್ಲೂ ಎರಡು ಮಾತಿದೆ. ಬೇರೆ ಜೀವಿಗಳ ಜೀನೋಮ್‌ಗಳು ಸಿಗುತ್ತಾ ಹೋದಂತೆ 96ರ ಪಟ್ಟಿ ಕಿರಿದಾಯಿತು. ಕೆಲವರಂತೂ, ಇವು ಸಾಲ ತಂದವಲ್ಲ, ಹಿಂದೆ ಎಲ್ಲರಲ್ಲೂ ಇದ್ದು ಬೇರೆಯವರು ಕಳೆದುಕೊಂಡ ಜೀನ್‌ಗಳು ಎನ್ನುತ್ತಾರೆ. ಪಟ್ಟಿಯ ಉದ್ದದ ಬಗ್ಗೆ ವಾದ ನಡೆಯುತ್ತಿದೆ. ಪಟ್ಟಿಯೇ ಸುಳ್ಳು ಎನ್ನುವವರು ಕಡಿಮೆ.

ಬ್ಯಾಕ್ಟೀರಿಯಾ ಸಹವಾಸ ಅಮೀಬಾದ ಜೀನ್‌ಗಳ ಮೇಲೆ ಎಷ್ಟು ಬೇಗ ಪರಿಣಾಮ ಬೀರಬಹುದು ಎಂಬುದಕ್ಕೆ ಅಮೀಬಾ ಪ್ರೋಟಿಯಸ್ ಒಳ್ಳೆಯ ಉದಾಹರಣೆ. ಇದು ರೋಗ ತರುವುದಲ್ಲ, ಹೈಸ್ಕೂಲಿನಲ್ಲಿ ನಾವೆಲ್ಲ ಚಿತ್ರ ಬರೆದ ಅಮೀಬಾ. 1966ರಲ್ಲಿ ಅಮೆರಿಕದಲ್ಲಿ ಕ್ವಾಂಗ್ ಜಿಯಾನ್ ಅವರ ಲ್ಯಾಬಿನ ಅಮೀಬಾಗಳಿಗೆ ಒಂದು ಬ್ಯಾಕ್ಟೀರಿಯಾ ಸೋಂಕು ತಗುಲಿತು. ಹೆಚ್ಚಿನವು ಸತ್ತವು. ಬದುಕಿದವನ್ನು ಜಿಯಾನ್ ಬಿಸಾಡದೆ ಸಾಕಿದರು. ಕೆಲವೇ ವರ್ಷಗಳಲ್ಲಿ ಎಲ್ಲ ತಲೆಕೆಳಗಾಯಿತು. ಈಗ ಬ್ಯಾಕ್ಟೀರಿಯಾ ತೆಗೆದರೆ ಅಮೀಬಾ ಸಾಯುತ್ತಿತ್ತು! ಒಂದು ಮುಖ್ಯ ಕಿಣ್ವ ತಯಾರಿಸುವ ಅಮೀಬಾದ ಸ್ವಂತ ಜೀನ್ ಬಂದ್ ಆಗಿತ್ತು. ಒಳಗಿದ್ದ ಆ ಬ್ಯಾಕ್ಟೀರಿಯಾ, ನ್ಯುಮೋನಿಯಾ ತರುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಬಂಧು ಎಂದು ಮುಂದೆ ತಿಳಿಯಿತು.

ಒಂದೇ ಮಾತ್ರೆ, ಎರಡು ಗುರಿ

ಈ ಜೀನ್ ಕತೆ ನಮ್ಮ ಮೆಡಿಕಲ್ ಶಾಪಿನವರೆಗೂ ಬರುತ್ತದೆ. ಹಿಸ್ಟೊಲಿಟಿಕಾ ಆಮ್ಲಜನಕ ಇಲ್ಲದ ಜಾಗದಲ್ಲಿ ಬದುಕುವುದರಿಂದ, ಅದರ ಶಕ್ತಿ ತಯಾರಿಸುವ ವ್ಯವಸ್ಥೆ ನಮ್ಮದಕ್ಕಿಂತ ಬ್ಯಾಕ್ಟೀರಿಯಾಗಳದ್ದನ್ನು ಹೋಲುತ್ತದೆ. ಅಮೀಬಾಕ್ಕೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ಕೆಲಸ ಮಾಡುವುದು ಇದೇ ಕಾರಣಕ್ಕೆ. ಮಾತ್ರೆ ಹಾಗೇ ಇದ್ದಾಗ ಸಾಧು. ಆಮ್ಲಜನಕ ಇಲ್ಲದೆ ಬದುಕುವ ಕೋಶದೊಳಗೆ ಹೋದಾಗ ಮಾತ್ರ ಅಲ್ಲಿನ ಪ್ರೋಟೀನುಗಳು ಅದನ್ನು ವಿಷವಾಗಿ ಬದಲಿಸುತ್ತವೆ. ಅದು ಡಿಎನ್‌ಎ, ಪ್ರೋಟೀನು ಎಲ್ಲವನ್ನೂ ಹಾಳು ಮಾಡುತ್ತದೆ.

ಅಂದರೆ ಆ ಮಾತ್ರೆ ಅಮೀಬಾವನ್ನೂ ಕೊಲ್ಲುತ್ತದೆ, ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಎರಡನೆಯ ಗುಣ ಗೊತ್ತಾದದ್ದು ಆಕಸ್ಮಿಕವಾಗಿ. ಬೇರೆ ಪರೋಪಜೀವಿಗೆಂದು ಈ ಮಾತ್ರೆ ತೆಗೆದುಕೊಂಡವರ ಒಸಡಿನ ಸೋಂಕು ವಾಸಿಯಾದದ್ದು 1962ರಲ್ಲಿ ವರದಿಯಾಯಿತು.

ಇದರಿಂದ ಒಂದು ತೊಡಕು ಹುಟ್ಟುತ್ತದೆ. ಲೂಸ್ ಮೋಷನ್ ಆದಾಗ ಮೆಟ್ರೊನಿಡಜೋಲ್ ನುಂಗಿ ಎರಡು ದಿನಕ್ಕೆ ಸರಿಹೋಯಿತು ಅಂದುಕೊಳ್ಳಿ. ಅಮೀಬಾ ಇತ್ತು ಎಂದು ಸಾಬೀತಾಯಿತೇ? ಇಲ್ಲ. ಬ್ಯಾಕ್ಟೀರಿಯಾ ಸತ್ತಿರಬಹುದು. ವೈರಸ್‌ನಿಂದ ಆದ ಭೇದಿ ತಾನಾಗೇ ನಿಂತಿರಬಹುದು. 'ಮಾತ್ರೆಗೆ ಬಗ್ಗಿತು, ಆದ್ದರಿಂದ ಅಮೀಬಾ' ಎಂಬ ತರ್ಕ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಪರೀಕ್ಷೆಯೇ ಇಲ್ಲದೆ 'ನನಗೆ ಅಮೀಬಾ ಪ್ರಾಬ್ಲಂ' ಎಂದು ವರ್ಷಾನುಗಟ್ಟಲೆ ಹೇಳಿಕೊಂಡು ಓಡಾಡುವವರಿದ್ದಾರೆ.

ನಮ್ಮ ಕರುಳಿನ ಪಾಲು

ಈಗ ನಮ್ಮ ಕಡೆಯಿಂದ ನೋಡೋಣ. 2014ರಲ್ಲಿ ಅಮೆರಿಕದ ಒಂದು ತಂಡ ಇಲಿಗಳ ಕರುಳಿಗೆ ಎಳೆಯಂತಹ ಒಂದು ಬ್ಯಾಕ್ಟೀರಿಯಾ ಸೇರಿಸಿತು. ಆ ಇಲಿಗಳ ರೋಗನಿರೋಧಕ ಕೋಶಗಳು ಮೊದಲೇ ಎಚ್ಚರವಾಗಿದ್ದು, ಅಮೀಬಾ ಬಂದಾಗ ಅದನ್ನು ತಡೆದವು. 2017ರ ಪ್ರಯೋಗದಲ್ಲಿ ಉಲ್ಟಾ ಮಾಡಿದರು. ಇಲಿಗಳಿಗೆ ಆ್ಯಂಟಿಬಯೋಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ಅಸ್ತವ್ಯಸ್ತ ಮಾಡಿದಾಗ, ದಾಳಿಗೆ ಓಡಿಬರಬೇಕಾದ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳು ಸರಿಯಾಗಿ ಬರಲಿಲ್ಲ, ಅಮೀಬಾ ಹೆಚ್ಚು ಕಾಲ ಉಳಿಯಿತು.

ಮನುಷ್ಯರಲ್ಲಿ? ಢಾಕಾದ ಮೀರ್‌ಪುರ ಬಡಾವಣೆಯ ಮಕ್ಕಳಲ್ಲಿ, ಅಮೀಬಾ ಇದ್ದೂ ಭೇದಿ ಆದವರ ಕರುಳಿನಲ್ಲಿ ಪ್ರಿವೊಟೆಲ್ಲಾ ಕೊಪ್ರಿ ಎಂಬ ಬ್ಯಾಕ್ಟೀರಿಯಾ ಜಾಸ್ತಿ ಇತ್ತು. 2016ರ ಅಧ್ಯಯನ ಇದು. ಉತ್ತರ ಭಾರತದ ರೋಗಿಗಳ ಮೇಲಿನ 2012ರ ಅಧ್ಯಯನದಲ್ಲಿ ಲ್ಯಾಕ್ಟೊಬ್ಯಾಸಿಲಸ್, ಬ್ಯಾಕ್ಟೀರಾಯ್ಡ್ಸ್ ಕಡಿಮೆ ಕಂಡವು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂತಹ ಅಧ್ಯಯನಗಳು ಹೇಳಲಾರವು. ಅಮೀಬಾ ಬಂದು ಬ್ಯಾಕ್ಟೀರಿಯಾ ತಿಂದುಹಾಕಿದ್ದರಿಂದಲೂ ಅವು ಕಡಿಮೆಯಾಗಿರಬಹುದು.

ಲ್ಯಾಕ್ಟೊಬ್ಯಾಸಿಲಸ್ ಎಂದ ಕೂಡಲೇ ಮೊಸರು, ಮಜ್ಜಿಗೆ ನೆನಪಾಗುವುದು ಸಹಜ. ಲ್ಯಾಬಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಅಸಿಡೋಫಿಲಸ್ ತಾನು ತಯಾರಿಸುವ ಪೆರಾಕ್ಸೈಡ್‌ನಿಂದ ಅಮೀಬಾವನ್ನು ಕೊಂದದ್ದೂ ನಿಜ. ಅದು ಗಾಜಿನ ಟ್ಯೂಬಿನ ಮಾತು. ಮಜ್ಜಿಗೆ ಕುಡಿಯಿರಿ, ಒಳ್ಳೆಯದು. ರಕ್ತ ಹೋಗುತ್ತಿದ್ದರೆ ಡಾಕ್ಟರ ಬಳಿ ಹೋಗಿ.

ಕೆರೆ, ಟ್ಯಾಂಕುಗಳಲ್ಲಿ

ಕೇರಳದ ಅಮೀಬಾಕ್ಕೂ ಬ್ಯಾಕ್ಟೀರಿಯಾಕ್ಕೂ ಸಂಬಂಧ ಇದೆ, ಆದರೆ ದಾರಿ ಬೇರೆ. ನೈಗ್ಲೀರಿಯಾ ನೀರಿನಲ್ಲಿ ಬದುಕುವುದೇ ಬ್ಯಾಕ್ಟೀರಿಯಾ ತಿಂದು. ಕೊಳಕು ಸೇರಿ, ನಿಂತು, ಬೆಚ್ಚಗಾದ ನೀರಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ, ಹಾಗಾಗಿ ಅದನ್ನು ತಿನ್ನುವವರಿಗೂ ಹಬ್ಬ. ಸರಿಯಾಗಿ ಕ್ಲೋರಿನ್ ಹಾಕಿದರೆ ಊಟವೂ ಸಾಯುತ್ತದೆ, ಉಣ್ಣುವವನೂ ಸಾಯುತ್ತಾನೆ.

ಅಕ್ಯಾಂಥಮೀಬಾದ ವಿಷಯದಲ್ಲಿ ಬ್ಯಾಕ್ಟೀರಿಯಾ ಊಟವಾಗಿ ಹೋಗಿ ಬಾಡಿಗೆದಾರನಾಗಿ ಉಳಿಯುತ್ತದೆ. 1990ರ ದಶಕದ ಒಂದು ಅಧ್ಯಯನದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಸುಮಾರು ಕಾಲು ಭಾಗದ ಒಳಗೆ ಬ್ಯಾಕ್ಟೀರಿಯಾ ಬದುಕಿದ್ದವು. ಅಂತಹ ಬಾಡಿಗೆದಾರರನ್ನು ಇಟ್ಟುಕೊಂಡ ಅಮೀಬಾ ಕೋಶಗಳಿಗೆ ಹೆಚ್ಚು ಹಾನಿ ಮಾಡಿದ್ದೂ ದಾಖಲಾಗಿದೆ. ಅಪಾಯ ಇನ್ನೊಂದು ದಿಕ್ಕಿನಿಂದಲೂ ಇದೆ. ನ್ಯುಮೋನಿಯಾ ತರುವ ಲೀಜನೆಲ್ಲಾ ಅಮೀಬಾದೊಳಗೆ ಬೆಳೆಯುತ್ತದೆ ಎಂದು ಟಿಮೊಥಿ ರೋಬೊಥಮ್ 1980ರಲ್ಲಿ ತೋರಿಸಿದರು. ಅಮೀಬಾದ ಸಿಸ್ಟ್ ಒಳಗೆ ಕುಳಿತರೆ ಕ್ಲೋರಿನ್ ಅದಕ್ಕೆ ಮುಟ್ಟುವುದಿಲ್ಲ. ದೊಡ್ಡ ಆಫೀಸು, ಮಾಲ್‌ಗಳ ಎಸಿ ಕೂಲಿಂಗ್ ಟವರ್ ಶುಚಿ ಮಾಡುವವರು ಬ್ಯಾಕ್ಟೀರಿಯಾ ಜೊತೆ ಅಮೀಬಾದ ಬಗ್ಗೆಯೂ ಯೋಚಿಸಬೇಕಾಗಿರುವುದು ಇದಕ್ಕೇ.

ಬೆಂಗಳೂರಿಗೆ ಏನು ಪರಿಣಾಮ?

ಮೊದಲು ನೀರು. ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, 110 ಹಳ್ಳಿಗಳ ಪ್ರದೇಶಕ್ಕೆಂದು ದಿನಕ್ಕೆ 775 ದಶಲಕ್ಷ ಲೀಟರ್ ಸೇರಿತು. ಶುದ್ಧೀಕರಣ ಘಟಕದಿಂದ ನೀರು ಚೆನ್ನಾಗೇ ಹೊರಡುತ್ತದೆ. ತೊಂದರೆ ಕೊನೆಯ ಒಂದು ಕಿಲೋಮೀಟರಿನದ್ದು. ನೀರು ದಿನವಿಡೀ ಬರುವುದಿಲ್ಲ. ಬಾರದ ಹೊತ್ತಿನಲ್ಲಿ ಪೈಪು ಖಾಲಿ, ಒತ್ತಡ ಇಲ್ಲ. ಪಕ್ಕದಲ್ಲೇ ಒಳಚರಂಡಿ ಸೋರುತ್ತಿದ್ದರೆ, ಪೈಪಿನ ಬಿರುಕಿನಿಂದ ಆ ಕೊಳಕು ಒಳಗೆ ಹೀರಿಕೊಳ್ಳುತ್ತದೆ. ಆಮೇಲೆ ಸಂಪು, ಓವರ್‌ಹೆಡ್ ಟ್ಯಾಂಕು. ಬೇಸಿಗೆಯಲ್ಲಿ ಎಲ್ಲಿಂದ ತುಂಬಿದ್ದೋ ಗೊತ್ತಿಲ್ಲದ ಟ್ಯಾಂಕರ್ ನೀರು ಬೇರೆ. 2024ರ ನೀರಿನ ಬರದ ಬೆನ್ನಿಗೇ ಏಪ್ರಿಲ್‌ನಲ್ಲಿ ನಗರದಲ್ಲಿ ಕಾಲರಾ ಆತಂಕ ಎದ್ದದ್ದು ನೆನಪಿರಬಹುದು.

ಒಳಚರಂಡಿ ನೀರು ಬೆರೆತಾಗ ಅಮೀಬಾದ ಸಿಸ್ಟ್ ಒಂಟಿಯಾಗಿ ಬರುವುದಿಲ್ಲ. ಶಿಗೆಲ್ಲಾ, ಕೆಟ್ಟ ಇ. ಕೋಲಿಗಳೂ ಜೊತೆಗೇ ಬರುತ್ತವೆ. ಪ್ರಯೋಗಗಳಲ್ಲಿ ಅಮೀಬಾವನ್ನು ಉಗ್ರಗೊಳಿಸಿದ್ದು ಇವೇ ಬ್ಯಾಕ್ಟೀರಿಯಾಗಳು. ಹಾಗಾಗಿ 'ಅಮೀಬಾ ಎಷ್ಟಿದೆ' ಎಂದು ಎಣಿಸುವುದಕ್ಕಿಂತ ಆ ಬೆರಕೆಯನ್ನು ನಿಲ್ಲಿಸುವುದು ಮುಖ್ಯ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಎಂಟಮೀಬಾ ಸಿಸ್ಟ್ ಅದಕ್ಕೆ ಬಗ್ಗುವುದಿಲ್ಲ. ಕುದಿಸಿದರೆ ಎರಡೂ ಸಾಯುತ್ತವೆ.

ಎರಡನೆಯದು ಔಷಧ. ಆಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡನ್ನೂ ಸೇರಿಸಿದ ಮಾತ್ರೆ ನಮ್ಮಲ್ಲಿ ಭೇದಿಗೆ ಮನೆಮದ್ದಿನ ಹಾಗೆ ಆಗಿಹೋಗಿದೆ. ಒಂದು ಬ್ಯಾಕ್ಟೀರಿಯಾಕ್ಕೆ, ಇನ್ನೊಂದು ಅಮೀಬಾಕ್ಕೆ, ಯಾವುದಿದ್ದರೂ ಹೋಗಲಿ ಎಂಬ ಲೆಕ್ಕ. ಬ್ಯಾಕ್ಟೀರಿಯಾವೇ ಅಮೀಬಾದ ಬಲ ಎನ್ನುವುದಾದರೆ ಎರಡನ್ನೂ ಕೊಲ್ಲುವುದು ಸರಿಯಲ್ಲವೇ ಎಂದು ಕೇಳಬಹುದು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಗಂಭೀರವಾಗಿ ಕರುಳು ಕೊರೆದಿರುವಾಗ ವೈದ್ಯರು ಬ್ಯಾಕ್ಟೀರಿಯಾಕ್ಕೂ ಔಷಧ ಕೊಡುತ್ತಾರೆ. ಆದರೆ ಪ್ರತಿ ಭೇದಿಗೂ ಹೀಗೆ ಮಾಡಿದರೆ ಅಮೀಬಾವನ್ನು ತಡೆಯುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಉಳಿದವು ಔಷಧಕ್ಕೆ ಬಗ್ಗದವಾಗುತ್ತವೆ. 2017ರ ಇಲಿಗಳ ಪ್ರಯೋಗ ಎಚ್ಚರಿಸುವುದು ಇದನ್ನೇ.

ನಿಜವಾಗಿ ಹಿಸ್ಟೊಲಿಟಿಕಾ ಇದ್ದವರಿಗೆ ಮೆಟ್ರೊನಿಡಜೋಲ್ ಒಂದೇ ಸಾಲುವುದೂ ಇಲ್ಲ. ಅದು ಅಂಗಾಂಶದೊಳಗೆ ನುಗ್ಗಿದ ಅಮೀಬಾವನ್ನು ಕೊಲ್ಲುತ್ತದೆ. ಕರುಳಿನ ಪೊಳ್ಳಿನಲ್ಲಿ ಉಳಿದವಕ್ಕೆ ಪ್ಯಾರೊಮೊಮೈಸಿನ್ ಅಥವಾ ಡೈಲೊಕ್ಸನೈಡ್ ಫ್ಯೂರೊಯೇಟ್‌ನಂತಹ ಇನ್ನೊಂದು ಔಷಧ ಬೇಕು. ಈ ಎರಡನೇ ಹೆಜ್ಜೆ ತಪ್ಪಿದರೆ ಮತ್ತೆ ಮರುಕಳಿಸುವುದು, ಮನೆಮಂದಿಗೆ ಹರಡುವುದು ಆಗುತ್ತದೆ.

ಕೊನೆಗೆ ರಿಪೋರ್ಟು. ಮೈಕ್ರೋಸ್ಕೋಪಿನಲ್ಲಿ ಕಂಡ ಸಿಸ್ಟ್ ಹಿಸ್ಟೊಲಿಟಿಕಾದ್ದೋ ಡಿಸ್ಪಾರ್‌ದ್ದೋ ಹೇಳಲು ಬರುವುದಿಲ್ಲ. ಕೆಂಪು ರಕ್ತಕಣ ನುಂಗಿದ ಅಮೀಬಾ ಕಂಡರೆ ಮಾತ್ರ ಬಲವಾದ ಸುಳಿವು. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1997ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಮೈಕ್ರೋಸ್ಕೋಪ್ ಮಾತ್ರ ಬಳಸಿದ್ದರೆ ಎರಡೂ ಹೆಸರನ್ನು ಒಟ್ಟಿಗೆ ಬರೆಯಬೇಕು. ಲಕ್ಷಣ ಇಲ್ಲದವರಿಗೆ ಅದೊಂದನ್ನೇ ನೋಡಿ ಔಷಧ ಕೊಡಬಾರದು. ಯಾವುದೆಂದು ತಿಳಿಯಬೇಕಾದರೆ ಆ್ಯಂಟಿಜೆನ್ ಪರೀಕ್ಷೆ ಅಥವಾ ಪಿಸಿಆರ್ ಮಾಡಬೇಕು. ಕೋವಿಡ್ ಕಾಲದಲ್ಲಿ ನಗರದ ಲ್ಯಾಬುಗಳಲ್ಲಿ ಪಿಸಿಆರ್ ಯಂತ್ರಗಳು ಹೆಚ್ಚಾದವು. ಅಮೀಬಾಕ್ಕೆ ಅವು ಬಳಕೆಯಾಗಬೇಕಾದರೆ ಬೇಕಾದ ಕಿಟ್ ಕೈಗೆಟುಕುವ ದರದಲ್ಲಿ ಸಿಗಬೇಕು, ವೈದ್ಯರು ಬರೆದುಕೊಡಬೇಕು. ಅಲ್ಲಿಯವರೆಗೆ, ಕೈಯಲ್ಲಿರುವ ರಿಪೋರ್ಟಿನಲ್ಲಿ ಒಂದೇ ಹೆಸರು ಬರೆದಿದ್ದರೆ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳುವ ಹಕ್ಕು ರೋಗಿಗೆ ಇದೆ.